ನಿಮಗಿದು ಗೊತ್ತೆ? ಜರ್ಮನಿಯ ‘ಅನಿಲಿನ್’ಗೆ ನಮ್ಮ ‘ನೀಲ’ವೇ ಬೇರು!

ಬಣ್ಣ, ಔಷಧ, ರಬ್ಬರ್ ಉದ್ಯಮಗಳಿಗೆ ಬೇಕೇ ಬೇಕಾದ ರಾಸಾಯನಿಕ ಅನಿಲಿನ್. ಹೆಸರಿಟ್ಟವರು ಜರ್ಮನ್ನರಾದರೂ ಪದದ ಮೂಲ ಸಂಸ್ಕೃತದ ‘ನೀಲ’. ಭಾರತದ ನೀಲಿ ಬಣ್ಣದ ಜೊತೆ ಪದವೂ ಪಶ್ಚಿಮಕ್ಕೆ ಹೋಗಿ, ಅರಬ್ಬಿಯಲ್ಲಿ ‘ಅನ್-ನೀಲ್’, ಪೋರ್ಚುಗೀಸಿನಲ್ಲಿ ‘ಅನಿಲ್’ ಆಯಿತು. (ಗಾಳಿ ಎಂಬರ್ಥದ ನಮ್ಮ ‘ಅನಿಲ’ಕ್ಕೂ ಇದಕ್ಕೂ ನಂಟಿಲ್ಲ.)

1840ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಕಾರ್ಲ್ ಜೂಲಿಯಸ್ ಫ್ರಿಟ್ಷೆ, ಗಿಡದಿಂದ ತೆಗೆದ ನೀಲಿಯನ್ನು ಕಾಸ್ಟಿಕ್ ಪೊಟ್ಯಾಷ್ ಜೊತೆ ಕಾಯಿಸಿದರು. ಭಟ್ಟಿ ಇಳಿದದ್ದು ನೀಲಿಯಲ್ಲ, ಬಣ್ಣವೇ ಇಲ್ಲದ ಎಣ್ಣೆಯಂಥ ದ್ರವ! ನೀಲಿಯಿಂದ ಹುಟ್ಟಿದ್ದಕ್ಕೆ ಅದನ್ನು ‘ಅನಿಲಿನ್’ ಎಂದು ಕರೆದರು. ಅದೇ ವಸ್ತುವಿಗೆ ರಸಾಯನವಿಜ್ಞಾನಿ ಉನ್‌ಫರ್ಡೋರ್ಬೆನ್ 1826ರಲ್ಲೇ ‘ಕ್ರಿಸ್ಟಲಿನ್’ ಎಂದೂ, ಕಲ್ಲಿದ್ದಲ ಟಾರಿನಲ್ಲಿ ಅದನ್ನು ಕಂಡ ಮತ್ತೊಬ್ಬ ವಿಜ್ಞಾನಿ ರುಂಗೆ 1834ರಲ್ಲಿ ‘ಕ್ಯಾನೋಲ್’ ಎಂದೂ ಹೆಸರಿಟ್ಟಿದ್ದರು. ಎಲ್ಲವೂ ಒಂದೇ ಎಂದು 1843ರಲ್ಲಿ ರಸಾಯನವಿಜ್ಞಾನಿ ಹಾಫ್‌ಮನ್ ತೋರಿಸಿಕೊಟ್ಟರು. ಉಳಿದದ್ದು ಮಾತ್ರ ನೀಲಿಯ ಹೆಸರು.

1865ರಲ್ಲಿ ಆರಂಭವಾದ ಜರ್ಮನಿಯ ಬಿಎಎಸ್ಎಫ್ ರಾಸಾಯನಿಕ ಕಂಪನಿಯ ಹೆಸರಿನಲ್ಲಿರುವ ‘ಎ’ ಅಕ್ಷರವೂ ಅನಿಲಿನ್ನಿನದೇ. 1897ರಲ್ಲಿ ಇದೇ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಭಾರತದ ನೀಲಿ ರಫ್ತು ನೆಲಕಚ್ಚಿತು.