ನಂದಿದ ಕಣ್ಣಿಗೆ ವಿದ್ಯುತ್ತಿನ ಬೆಳಕು?

1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಂದಿನಿಂದ ಎಷ್ಟೋ ಕಣ್ಣುಗಳು ಅದರ ಉರಿಯನ್ನು ದಿಟ್ಟಿಸಿದುವು. ಕಾದ ಲೋಹದ ಶಾಖವನ್ನು ಬಹುವರ್ಷ ಎದುರಿಸಿದ ಕಣ್ಣಿಗೆ ಪೊರೆ ಬರುವ ಸಂಭವವುಂಟು. ಆದರೆ ಪೊರೆಯ ಭಯ ಈಗ ಹಿಂದಿನಷ್ಟಿಲ್ಲ. ಅದನ್ನು ತೆಗೆದು ಕೃತಕ ಮಸೂರವನ್ನು ಕೂರಿಸಿದರೆ ಸಾಮಾನ್ಯವಾಗಿ ನೋಟ ಮರಳುತ್ತದೆ. ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ.

ಆದರೆ ಕಣ್ಣು ಕಂಡುದನ್ನು ಮಿದುಳಿಗೆ ಒಯ್ಯುವ ನರವೇ ಸತ್ತರೆ? ಗ್ಲಾಕೋಮಾ ಮಾಡುವುದು ಅದನ್ನೇ. ಅನೇಕರಲ್ಲಿ ನೋವಿಲ್ಲದೆ, ಕೆಂಪಿಲ್ಲದೆ, ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತದೆ. ಸತ್ತ ನರವನ್ನು ಬದುಕಿಸುವ ಔಷಧ ಇಂದಿಗೂ ಇಲ್ಲ. ಮನೆಯ ಯಜಮಾನನ ಬೆಳಕು ಹೀಗೆ ಕುಂದಿದಾಗ ಮನೆಯವರು ಕೈಕಟ್ಟಿ ಕುಳಿತಾರೆ? ಒಬ್ಬರು ತುಪ್ಪದ ನೇತ್ರತರ್ಪಣ ಎನ್ನುತ್ತಾರೆ, ಇನ್ನೊಬ್ಬರು ಸೂಜಿಚಿಕಿತ್ಸೆ, ಮತ್ತೊಬ್ಬರು ಕಣ್ಣಿನ ವ್ಯಾಯಾಮ. ಈಗ ಆ ಸಾಲಿಗೆ ಮಿದುಳಿಗೆ ವಿದ್ಯುತ್ತು ಹಾಯಿಸುವ ಚಿಕಿತ್ಸೆಯೂ ಸೇರಿದೆ.

ಇದು ತೀರ ಹೊಸ ಯೋಚನೆಯಲ್ಲ. 1755ರಲ್ಲೇ ಫ್ರಾನ್ಸಿನ ಲ ರಾಯ್ ಎಂಬಾತ ಕುರುಡನೊಬ್ಬನ ತಲೆಗೆ ತಂತಿ ಸುತ್ತಿ ವಿದ್ಯುತ್ತು ಹಾಯಿಸಿದ. ಮಿಂಚಿನಂತಹ ಬೆಳಕು ಕಂಡಿತು, ನೋಟ ಬರಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಬ್ರಿಂಡ್ಲಿ ಮತ್ತು ಲೂಯಿನ್ ಎಂಬವರು ಅಂಧ ಮಹಿಳೆಯೊಬ್ಬರ ಮಿದುಳಿನ ಮೇಲೆ 80 ವಿದ್ಯುದಗ್ರಗಳನ್ನಿಟ್ಟು ಚುಕ್ಕಿಚುಕ್ಕಿಯಾದ ಬೆಳಕನ್ನು ಮೂಡಿಸಿದರು. 2021ರಲ್ಲಿ ಪ್ರಕಟವಾದ ಸ್ಪೇನಿನ ಪ್ರಯೋಗದಲ್ಲಿ 96 ಸೂಕ್ಷ್ಮ ಮುಳ್ಳುಗಳ ನೆರವಿನಿಂದ ಅಂಧ ಶಿಕ್ಷಕಿಯೊಬ್ಬರು ಕೆಲವು ಅಕ್ಷರಗಳನ್ನು ಗುರುತಿಸಿದರು. ಆರು ತಿಂಗಳ ಬಳಿಕ ಅವನ್ನು ತೆಗೆಯಲಾಯಿತು.

ತಲೆಬುರುಡೆ ತೆರೆಯದ ಮಾರ್ಗವೂ ಒಂದುಂಟು. ಕಣ್ಣಿನ ಬಳಿ ಚರ್ಮದ ಮೇಲೆ ವಿದ್ಯುದಗ್ರಗಳನ್ನಿಟ್ಟು ಅಲ್ಪ ಪ್ರವಾಹವನ್ನು ಹಾಯಿಸುವುದು. ಜರ್ಮನಿಯ ಸಂಶೋಧಕರು ದೃಷ್ಟಿನರ ಕೆಟ್ಟ 82 ಮಂದಿಯ ಮೇಲೆ ಇದನ್ನು ಹತ್ತು ದಿನ ನಡೆಸಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ನಿಜವಾದ ಚಿಕಿತ್ಸೆ ಪಡೆದವರ ದೃಷ್ಟಿಕ್ಷೇತ್ರ ಸರಾಸರಿ ಶೇಕಡಾ 24ರಷ್ಟು ಸುಧಾರಿಸಿತು; ಹುಸಿ ಚಿಕಿತ್ಸೆ ಪಡೆದವರದು 2.5ರಷ್ಟು. ಇದು ಆಶೆ ಹುಟ್ಟಿಸುವ ಸಂಗತಿಯೇ. ಆದರೆ ಉಳಿದ ಅರೆಜೀವದ ಕಣಗಳನ್ನು ಎಚ್ಚರಿಸುವುದು ಬೇರೆ, ಸತ್ತವನ್ನು ಎಬ್ಬಿಸುವುದು ಬೇರೆ.

ಉಳಿದ ಪದ್ಧತಿಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಕಣ್ಣಿನ ವ್ಯಾಯಾಮದಿಂದ ಕನ್ನಡಕವನ್ನೇ ಬಿಡಬಹುದೆಂದು ಅಮೆರಿಕದ ವೈದ್ಯ ಬೇಟ್ಸ್ 1920ರಲ್ಲಿ ಗ್ರಂಥ ಬರೆದ. ವಿಜ್ಞಾನ ಅದನ್ನು ಒಪ್ಪಲಿಲ್ಲ. ಯೋಗದಿಂದ ಮನಸ್ಸಿಗೆ ನೆಮ್ಮದಿ ದೊರೆಯಬಹುದು. ಆದರೆ ಅದನ್ನು ನಂಬಿ ಗ್ಲಾಕೋಮಾದ ಹನಿಮದ್ದನ್ನು ಬಿಟ್ಟರೆ, ಉಳಿದಿದ್ದ ಬೆಳಕೂ ಹೋದೀತು. ಅದು ತಿರುಗಿ ಬಾರದು.

ಆದುದರಿಂದ ಹೊಸ ಚಿಕಿತ್ಸೆಗೆ ಹೊರಡುವ ಮುನ್ನ ಕಣ್ಣಿನ ವೈದ್ಯರಿಗೆ ತಿಳಿಸುವುದು, ದೃಷ್ಟಿಕ್ಷೇತ್ರವನ್ನು ಮೊದಲೂ ಆಮೇಲೂ ಅಳೆಯಿಸುವುದು, ಹನಿಮದ್ದನ್ನು ತಪ್ಪಿಸದಿರುವುದು, ಇಷ್ಟನ್ನು ಮರೆಯಬಾರದು.

ಬೆಳಕು ಮರಳದಿದ್ದವರ ಬಾಳೂ ಅಲ್ಲಿಗೆ ಮುಗಿಯದು. ಶಿವಮೊಗ್ಗದಲ್ಲಿಯೇ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ. ಬ್ರೈಲ್ ಲಿಪಿಯ ಉಬ್ಬುಚುಕ್ಕಿಗಳ ಮೇಲೆ ಬೆರಳಾಡಿಸಿ ಓದುವ ಮಗುವಿಗೆ ಲೋಕ ಮುಚ್ಚಿದ ಬಾಗಿಲಲ್ಲ. ನಾಳೆಯ ವಿದ್ಯುತ್ತಿಗಾಗಿ ಕಾಯುವವರು ಇಂದಿನ ಆ ದಾರಿಯನ್ನೂ ಹಿಡಿಯಬಹುದಲ್ಲವೆ?