ಡಬ್ಬಿಯ ಬೆನ್ನಿನ ಬರಹ

ಸಾಬೂನು, ಸ್ನೋ, ಕ್ರೀಮುಗಳನ್ನು ಕೊಳ್ಳಲು ಹೋದ ಗೃಹಿಣಿಯ ಕಣ್ಣು ಮೊದಲು ಬೀಳುವುದು ಡಬ್ಬಿಯ ಮುಖದ ಮೇಲೆ. ಅಲ್ಲಿ ನಗುವ ಚೆಲುವೆಯಿರುತ್ತಾಳೆ, ಕೇಸರಿಯ ಎಸಳಿರುತ್ತದೆ, ಹಾಲಿನ ಧಾರೆಯಿರುತ್ತದೆ. ಮೂಗು ಪರಿಮಳಕ್ಕೆ ಸೋಲುತ್ತದೆ. ಕೈ ಹಣದ ಚೀಲಕ್ಕೆ ಹೋಗುತ್ತದೆ. ಆದರೆ ಆ ವಸ್ತುವಿನ ನಿಜವಾದ ಜಾತಕವಿರುವುದು ಡಬ್ಬಿಯ ಬೆನ್ನಿನ ಮೇಲೆ, ಇರುವೆಯ ಸಾಲಿನಂಥ ಸಣ್ಣಕ್ಷರಗಳಲ್ಲಿ. ಅದನ್ನು ಓದುವ ಅಭ್ಯಾಸವುಳ್ಳವರಿಗೆ ಹಣ ಉಳಿಯುತ್ತದೆ. ಕೆಲವೊಮ್ಮೆ ಆರೋಗ್ಯವೂ ಉಳಿಯುತ್ತದೆ.

ಬಿಲ್ಲೆಯೊಳಗಿನ ಕೊಬ್ಬು

ದಿನವೂ ಬಳಕೆಯಾಗುವ ಸಾಬೂನಿನಿಂದಲೇ ಆರಂಭಿಸಬಹುದು. ಎಣ್ಣೆ ಅಥವಾ ಕೊಬ್ಬು ಕಾಸ್ಟಿಕ್ ಸೋಡದೊಡನೆ ಕೂಡಿದಾಗ ಸಾಬೂನು ಹುಟ್ಟುತ್ತದೆ. ಬಿಲ್ಲೆಯಲ್ಲಿರುವ ಒಟ್ಟು ಕೊಬ್ಬಿನಂಶವೆಷ್ಟೆಂಬುದನ್ನು ಹೊದಿಕೆಯ ಮೇಲೆ ‘ಟಿ.ಎಫ್.ಎಂ.’ ಎಂಬ ಮೂರು ಅಕ್ಷರಗಳ ಮುಂದೆ ಮುದ್ರಿಸಿರುತ್ತಾರೆ. ಭಾರತೀಯ ಮಾನಕದಂತೆ ಸ್ನಾನದ ಸಾಬೂನಿನಲ್ಲಿ ಈ ಅಂಶ ಕನಿಷ್ಠ ಶೇಕಡ 76 ಇದ್ದರೆ ಅದು ಮೊದಲನೆಯ ದರ್ಜೆ. 70 ಇದ್ದರೆ ಎರಡನೆಯದು. 60 ಇದ್ದರೆ ಮೂರನೆಯದು. ‘ಬೇಥಿಂಗ್ ಬಾರ್’ ಎಂಬ ಹೆಸರಿನಲ್ಲಿ ಮಾರುವ ಬಿಲ್ಲೆಗೆ 40 ಇದ್ದರೂ ಸಾಕು. ಎರಡೂ ಒಂದೇ ಬಣ್ಣದ ಕಾಗದದಲ್ಲಿ, ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಅಂತರವನ್ನು ತಿಳಿಸುವುದು ಆ ಅಂಕಿಯೊಂದೇ.

ಮೈಸೂರು ಸ್ಯಾಂಡಲ್ ಸಾಬೂನಿನ ಕಥೆ ಕನ್ನಡಿಗರಿಗೆ ಪರಿಚಿತವಾದದ್ದು. 1914ರ ಮಹಾಯುದ್ಧದಿಂದ ಶ್ರೀಗಂಧದ ರಫ್ತಿಗೆ ತಡೆಯುಂಟಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು. 1918ರಲ್ಲಿ ಸಾಬೂನು ಹೊರಬಂದಿತು. ಅದಕ್ಕೆ ಕೀರ್ತಿ ತಂದುದು ಗಂಧದ ಪರಿಮಳ. ಆದರೆ ಪರಿಮಳ ತಣಿಸುವುದು ಮನಸ್ಸನ್ನು. ಮೈಯ ಕೊಳೆಯನ್ನು ಕಳೆಯುವುದು ಕೊಬ್ಬಿನಿಂದಾದ ಸಾಬೂನೇ. ಯಾವ ಸಾಬೂನನ್ನು ಕೊಳ್ಳುವಾಗಲೂ ಈ ಭೇದ ನೆನಪಿನಲ್ಲಿರಬೇಕು.

ಇನ್ನೊಂದು ಮಾತು. ಎಷ್ಟೇ ಉತ್ತಮ ದರ್ಜೆಯದಾದರೂ ಸಾಬೂನು ಕ್ಷಾರಗುಣದ್ದು; ಚರ್ಮದ ಮೇಲ್ಪದರವಾದರೋ ತುಸು ಆಮ್ಲಗುಣದ್ದು. ಆದುದರಿಂದ ಚಳಿಗಾಲದಲ್ಲಿ ಮೈ ಒಡೆಯುವವರು, ವಯಸ್ಸಾದವರು ಸಾಬೂನಿನ ಬಳಕೆಯನ್ನು ಮಿತಗೊಳಿಸಿ, ಸ್ನಾನವಾದ ಕೂಡಲೇ ಮೈಗೆ ಜಿಡ್ಡು ಸವರಿಕೊಳ್ಳುವುದು ಲೇಸು.

ಮೊದಲ ಪಂಕ್ತಿ, ಕಡೆಯ ಪಂಕ್ತಿ

ಕ್ರೀಮಿನ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಗೂ ಒಂದು ಕ್ರಮವುಂಟು. ಭಾರತದ 2020ರ ಪ್ರಸಾಧನ ನಿಯಮಗಳಂತೆ, ಶೇಕಡ 1ಕ್ಕಿಂತ ಹೆಚ್ಚಾಗಿರುವ ಪದಾರ್ಥಗಳನ್ನು ಅವುಗಳ ಪ್ರಮಾಣ ಇಳಿಯುತ್ತ ಹೋಗುವ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆಯಿರುವುವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಹೆಚ್ಚಿನ ಪಟ್ಟಿಗಳಲ್ಲಿ ಮೊದಲ ಹೆಸರು ‘ಆಕ್ವಾ’. ಅದು ನೀರಿನ ಹೆಸರೇ ಹೊರತು ಬೇರೇನೂ ಅಲ್ಲ. ಕೇಸರಿಯು ‘ಕ್ರೋಕಸ್ ಸಟೈವಸ್’ ಎಂದೂ, ಅರಿಶಿನವು ‘ಕರ್ಕ್ಯುಮಾ ಲಾಂಗಾ’ ಎಂದೂ ಅಲ್ಲಿ ವೇಷ ಮರೆಸಿಕೊಂಡಿರುತ್ತವೆ. ಕ್ರೀಮು ಕೆಡದಂತೆ ಬೆರೆಸುವ ಫಿನಾಕ್ಸಿಇಥನಾಲ್ ಎಂಬ ವಸ್ತುವಿಗೆ ಶೇಕಡ 1ರ ಮಿತಿಯಿದೆ. ಡಬ್ಬಿಯ ಮುಖದಲ್ಲಿ ಮೆರೆಯುವ ಕೇಸರಿಯು ಬೆನ್ನಿನ ಪಟ್ಟಿಯಲ್ಲಿ ಅದರ ಹಿಂದೆ ಕುಳಿತಿದ್ದರೆ, ಕೊಂಡವರಿಗೆ ದಕ್ಕುವುದು ಕೇಸರಿಯ ಚಿತ್ರವೇ ಹೊರತು ಕೇಸರಿಯಲ್ಲ.

ಒಣಚರ್ಮಕ್ಕೆ ಬೇಕಾದುದು ಎರಡೇ ಬಗೆಯ ಉಪಚಾರ: ನೀರನ್ನು ಹಿಡಿದಿಡುವುದು, ಹಿಡಿದ ನೀರು ಆರದಂತೆ ಮುಚ್ಚುವುದು. ಮೊದಲನೆಯದಕ್ಕೆ ಗ್ಲಿಸರಿನ್, ಎರಡನೆಯದಕ್ಕೆ ಪೆಟ್ರೋಲಿಯಂ ಜೆಲ್ಲಿ ಬಹುಕಾಲದಿಂದ ಒದಗಿಬಂದಿವೆ; ಎರಡೂ ಅಗ್ಗದವು. ದುಬಾರಿ ಡಬ್ಬಿಯ ಮೊದಲ ಸಾಲಿನಲ್ಲಿಯೂ ಇವೇ ಇದ್ದರೆ, ಹೆಚ್ಚಿನ ಬೆಲೆ ಯಾವುದಕ್ಕೆಂದು ಕೇಳುವ ಹಕ್ಕು ಗಿರಾಕಿಗಿದೆ. ‘ಪರ್ಫ್ಯೂಮ್’ ಎಂಬ ಒಂದೇ ಪದದೊಳಗೆ ಅನೇಕ ಸುಗಂಧದ್ರವ್ಯಗಳು ಅಡಗಿರಬಹುದು. ಬೇಗನೆ ತುರಿಕೆಯೇಳುವ ಚರ್ಮದವರು ಆ ಪದವಿಲ್ಲದ ಡಬ್ಬಿಯನ್ನು ಆರಿಸುವುದು ಕ್ಷೇಮ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಇಲ್ಲಿಯವರೆಗಿನದು ಹಣದ ಮಾತು. ಮೈಬಣ್ಣವನ್ನು ಬೆಳ್ಳಗಾಗಿಸುವ ಆಸೆಯಿಂದ ಕೊಳ್ಳುವ ಕ್ರೀಮುಗಳ ಮಾತು ಬೇರೆ. ಮಗಳ ಮದುವೆಯ ಮಾತುಕತೆ ಮೊದಲಾಯಿತೆಂದರೆ, ನೆಂಟರು ಹೇಳಿದ ಹೆಸರಿನ ಟ್ಯೂಬೊಂದು ಔಷಧದಂಗಡಿಯಿಂದ ಮನೆಗೆ ಬರುವುದುಂಟು. ಅದರ ಬೆನ್ನಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಪ್ರಸಾಧನವಲ್ಲ, ಸ್ಟೀರಾಯ್ಡ್ ಔಷಧ. ಮೊದಲ ಕೆಲವು ವಾರ ಮುಖ ತಿಳಿಯಾದಂತೆ ಕಾಣುತ್ತದೆ. ಬಳಿಕ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ತೋರುತ್ತವೆ, ಮೊಡವೆ ಮುತ್ತುತ್ತವೆ, ಮುಖದ ಮೇಲೆ ಕೂದಲೂ ಬೆಳೆಯಬಹುದು. ಬಿಟ್ಟರೆ ಉರಿ; ಆ ಉರಿಯನ್ನು ತಾಳಲಾರದೆ ಮತ್ತೆ ಅದನ್ನೇ ಸವರುವ ವಿಷಚಕ್ರ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಅನೇಕ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಈಗಾಗಲೇ ಬಳಸುತ್ತಿರುವವರು ಮನೆಮದ್ದಿಗೆ ಕೈಹಾಕದೆ ಚರ್ಮವೈದ್ಯರನ್ನು ಕಾಣಬೇಕು.

ಇದಕ್ಕಿಂತಲೂ ಘೋರವಾದುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ಅದು ತಡೆಯುತ್ತದೆ. ಹಾಗೆಯೇ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ, ಮೂತ್ರದಲ್ಲಿ ಪ್ರೋಟೀನು ಸೋರಿಹೋಗುವ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಬಂದಿದ್ದುದು ಆ ಕಾಯಿಲೆಯ ವಿರಳವಾದ ರೂಪ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕ್ರೀಮನ್ನು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಪಾದರಸ ಬೆರೆಸಿದವನು ಅದನ್ನು ಡಬ್ಬಿಯ ಮೇಲೆ ಬರೆಯುವನೆಂಬ ಭರವಸೆಯಿಲ್ಲ. ಆದರೆ ಬರೆಯದಿರುವುದೂ ಒಂದು ಬರಹವೇ. ಪದಾರ್ಥಗಳ ಪಟ್ಟಿಯಿಲ್ಲದ, ತಯಾರಕನ ವಿಳಾಸವಿಲ್ಲದ, ಹೊರದೇಶದ್ದಾದರೆ ಆಮದುದಾರನ ಹೆಸರೂ ನೋಂದಣಿ ಸಂಖ್ಯೆಯೂ ಇಲ್ಲದ ಡಬ್ಬಿಯನ್ನು ಎಷ್ಟೇ ಆಪ್ತರು ತಂದುಕೊಟ್ಟರೂ ಮುಖದ ಬಳಿಗೆ ತರಬಾರದು. ಪಟ್ಟಿ ಸರಿಯಾಗಿರುವ ಹೊಸ ಕ್ರೀಮನ್ನು ಕೂಡ ಮೊದಲು ಮೊಣಕೈಯ ಒಳಬದಿಯಲ್ಲಿ ಕೆಲವು ದಿನ ಹಚ್ಚಿ ನೋಡುವುದು ಜಾಣತನ.

ಹತ್ತು ರೂಪಾಯಿಯ ಸೊಪ್ಪನ್ನು ತಿರುವಿ ತಿರುವಿ ನೋಡಿ ಕೊಳ್ಳುವ ಗೃಹಿಣಿಗೆ ಈ ವಿದ್ಯೆ ಹೊಸದಲ್ಲ. ನೂರಾರು ರೂಪಾಯಿಯ ಡಬ್ಬಿಯನ್ನೂ ಹಾಗೆಯೇ ಒಮ್ಮೆ ತಿರುವಿ ನೋಡಿದರಾಯಿತು.