ಓವನ್ ಬೇಡ, ದೋಸೆಕಲ್ಲೇ ಸಾಕು!

ಕೇಕ್ ಅಂದ ಕೂಡಲೇ ‘ನಮ್ಮನೇಲಿ ಓವನ್ ಇಲ್ವಲ್ಲ’ ಅಂತ ಸುಮ್ಮನಾಗ್ತೀರಾ? ಬ್ರಿಟನ್ನಿನ ವೇಲ್ಸ್ ನಾಡಿನ ಗೃಹಿಣಿಯರು ಓವನ್‌ಗಾಗಿ ಕಾಯಲಿಲ್ಲ. ಉರಿಯ ಮೇಲೆ ಕಲ್ಲಿಟ್ಟು ಅದರಲ್ಲೇ ಪುಟ್ಟ ಕೇಕ್ ಬೇಯಿಸಿದರು. ಅದೇ ವೆಲ್ಷ್ ಕೇಕ್. ಅಲ್ಲಿನ ಭಾಷೆಯಲ್ಲಿ ಇದರ ಹೆಸರಿನ ಅರ್ಥವೇ ‘ಕಲ್ಲಿನ ಮೇಲಿನ ಕೇಕ್’. ಮುಂದೆ ಕಲ್ಲಿನ ಜಾಗಕ್ಕೆ ದಪ್ಪ ಕಬ್ಬಿಣದ ಕಾವಲಿ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು, ಥೇಟ್ ನಮ್ಮ ದೋಸೆಕಲ್ಲಿನಂತೆ!

ಕಲ್ಲಿದ್ದಲು ಗಣಿಗೆ ಹೋಗುವವರ ಬುತ್ತಿಗೆ ಇದು ಹೇಳಿ ಮಾಡಿಸಿದ ತಿಂಡಿ. ತಣ್ಣಗಾದರೂ ರುಚಿ, ಜೇಬಿನಲ್ಲಿಟ್ಟರೂ ಪುಡಿಯಾಗದು. ಮಾರ್ಚ್ 1ರ ಸೇಂಟ್ ಡೇವಿಡ್ ದಿನದಂದು ಅಲ್ಲಿ ಇದು ಇರಲೇಬೇಕು. ಸ್ವಾನ್ಸಿ, ಕಾರ್ಡಿಫ್ ಮಾರುಕಟ್ಟೆಗಳಲ್ಲಿ ಇಂದಿಗೂ ಬಿಸಿಬಿಸಿಯಾಗಿ ಸಿಗುತ್ತದೆ.

ಬೇಕಾಗುವ ಸಾಮಗ್ರಿ: ಮೈದಾ 225 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ತಣ್ಣನೆಯ ಬೆಣ್ಣೆ 110 ಗ್ರಾಂ, ಸಕ್ಕರೆ ಮತ್ತು ಸಣ್ಣ ಒಣದ್ರಾಕ್ಷಿ ತಲಾ 85 ಗ್ರಾಂ, ಚಕ್ಕೆ-ಜಾಯಿಕಾಯಿ ಪುಡಿ ಚಿಟಿಕೆ, ಮೊಟ್ಟೆ 1. ಮೊಟ್ಟೆ ತಿನ್ನದವರು ಮೂರ್ನಾಲ್ಕು ಚಮಚ ಹಾಲು ಬಳಸಬಹುದು.

ವಿಧಾನ: ಮೈದಾ, ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿಯಿರಿ. ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ರವೆಯಂತೆ ಉದುರುದುರಾಗಿ ಉಜ್ಜಿ. ಸಕ್ಕರೆ, ದ್ರಾಕ್ಷಿ, ಮಸಾಲೆ ಪುಡಿ ಬೆರೆಸಿ, ಮೊಟ್ಟೆ ಹಾಕಿ ಹಿಟ್ಟನ್ನು ಒಟ್ಟುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಕೇಕ್ ಗಟ್ಟಿಯಾದೀತು. ಅರ್ಧ ಸೆಂಟಿಮೀಟರ್‌ಗಿಂತ ತುಸು ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ. ಬೆಣ್ಣೆ ಸವರಿದ ಕಾವಲಿಯಲ್ಲಿ ಎರಡೂ ಬದಿ ತಲಾ ಮೂರು ನಿಮಿಷ ಬೇಯಿಸಿ, ಬಿಸಿ ಇರುವಾಗಲೇ ಸಕ್ಕರೆ ಉದುರಿಸಿ.

ಗುಟ್ಟಿರುವುದು ಉರಿಯಲ್ಲಿ. ದೋಸೆಗೆ ಬೇಕಾದಷ್ಟು ಕಾವು ಇಲ್ಲಿ ಬೇಡ. ಸಕ್ಕರೆ, ಬೆಣ್ಣೆ ಬೇಗ ಸೀಯುವುದರಿಂದ ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ! ಮೊದಲು ಒಂದೇ ಒಂದನ್ನು ಬೇಯಿಸಿ, ಮುರಿದು ನೋಡಿ, ಆಮೇಲೆ ಉರಿ ಹೊಂದಿಸಿ.

ಇನ್ನೊಂದು ಮಾತು. ಬೆಳಗಿನ ಈರುಳ್ಳಿ ದೋಸೆಯ ವಾಸನೆ ಕಾವಲಿಯಲ್ಲಿ ಉಳಿಯದಂತೆ ಚೆನ್ನಾಗಿ ಒರೆಸಿಕೊಳ್ಳಿ. ವೇಲ್ಸ್‌ಗೆ ಹೋದಾಗ ಕೊಂಡು ತಿನ್ನುವ ಸಸ್ಯಾಹಾರಿಗಳು ಕೇಳಿ ತಿನ್ನುವುದು ಒಳ್ಳೆಯದು. ಹಳೇ ಪದ್ಧತಿಯಲ್ಲಿ ಹಂದಿಯ ಕೊಬ್ಬು ಹಾಕುವುದುಂಟು.

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ. ಎರಡು-ಮೂರು ದಿನ ಮಕ್ಕಳ ಟಿಫನ್ ಬಾಕ್ಸ್‌ನ ಚಿಂತೆ ಇಲ್ಲ!